ಕೌದಿಯ ಮೇಲೆ ಅತ್ತೆಯ ಸೀರೆ

ಹಳೆಯ ಸೀರೆಗಳನ್ನು ಪದರ ಮಾಡಿ ನಾನು ಹೊಲಿದ ಕೌದಿಯನ್ನು ನಮ್ಮ ಅತ್ತೆ ಬದುಕಿರುವ ತನಕ ಒಮ್ಮೆಯೂ ಹೊಗಳಲಿಲ್ಲ. ಬೆಟಗೇರಿಯಲ್ಲಿ ನಮ್ಮ ಓಣಿಯ ಅರ್ಧ ಜನ ನನ್ನ ಕೌದಿ ಹೊದ್ದೇ ಮಲಗುತ್ತಿದ್ದರು. ಅತ್ತೆ ಮಾತ್ರ ಕನ್ನಡಕ ಏರಿಸಿಕೊಂಡು, "ಏನವಾ, ಕೋಳಿ ಕೆದರಿದಂಗ ಹೊಲದೀಯಲ್ಲ!" ಎನ್ನುತ್ತಿದ್ದರು. ಅವರು ಹೋಗಿ ಹತ್ತು ವರ್ಷವಾಯಿತು. ಮಾತು ಮಾತ್ರ ಹೋಗಿಲ್ಲ, ಸೂಜಿ ಹಿಡಿದರೆ ಈಗಲೂ ಕಿವಿಯಲ್ಲಿ ಕೇಳುತ್ತದೆ.

ಹೋದ ಚಳಿಗಾಲದಲ್ಲಿ ಲಕ್ಷ್ಮೇಶ್ವರದಿಂದ ಒಬ್ಬ ನಿವೃತ್ತ ಮಾಸ್ತರರು ಮನೆ ಹುಡುಕಿಕೊಂಡು ಬಂದರು. ಹುಲಕೋಟಿಯ ಬೀಗರ ಮನೆಯಲ್ಲಿ ನನ್ನ ಕೌದಿ ನೋಡಿದ್ದರಂತೆ. ತೀರಿಹೋದ ತಾಯಿಯ ನಾಲ್ಕು ಸೀರೆಗಳ ಗಂಟನ್ನು ನನ್ನ ಮುಂದಿಟ್ಟು, "ಅವ್ವನ್ನ ಹೊದ್ದಂಗ ಇರಬೇಕ್ರಿ" ಎಂದರು. ಹೊಲಿಗೆಗೆ ಒಂದೂವರೆ ಸಾವಿರ ಎಂದು ಮಾತಾಯಿತು.

ಅವರು ಹೋದ ಮೇಲೆ ಗಂಟು ಬಿಚ್ಚಿ ನೋಡಿದೆ. ಶಿವನೇ! ಆ ಪುಣ್ಯಾತಗಿತ್ತಿ ನಾಲ್ಕನ್ನೂ ಉಟ್ಟು ಉಟ್ಟು ಜಾಳುಜಾಳು ಮಾಡಿದ್ದಳು. ಬೆರಳು ಒತ್ತಿದರೆ ಆಚೆ ಬರುತ್ತಿತ್ತು. ಇಂಥ ಬಟ್ಟೆ ಕೌದಿಯ ಒಳಪದರಕ್ಕೆ ಹೋಗುತ್ತದೆ, ಗಟ್ಟಿ ಬಟ್ಟೆ ಮೇಲೆ ಬರುತ್ತದೆ. ಗಿರಾಕಿಯ ಗಂಟಿನಲ್ಲಿ ಗಟ್ಟಿಯದು ಇಲ್ಲದಿದ್ದರೆ ನಮ್ಮ ಗಂಟಿನದು ಹಾಕುವುದು ರೂಢಿ. ಅವರಿಗೆ ಒಂದು ಮಾತು ತಿಳಿಸಬೇಕು, ಅಷ್ಟೇ. ಇವತ್ತು ಫೋನ್ ಮಾಡೋಣ, ನಾಳೆ ಮಾಡೋಣ ಎಂದು ಅದು ಉಳಿದೇಹೋಯಿತು.

ಟ್ರಂಕಿನ ತಳದಲ್ಲಿ ಅತ್ತೆಯ ಹಸಿರು ಸೀರೆ ಇತ್ತು. ಚಲೋ ದಿನಕ್ಕಿರಲಿ ಎಂದು ಎತ್ತಿಟ್ಟು, ಎರಡು ಸಲವೂ ಉಡದೆ ಹೋಗಿದ್ದರು. ನುಸಿ ಹಿಡಿಯದಿರಲೆಂದು ಇಟ್ಟ ಡಾಂಬರಗುಳಿಗೆಯ ವಾಸನೆ ಗಂ ಎನ್ನುತ್ತಿತ್ತು. ಕತ್ತರಿ ಹಾಕುವಾಗ ಕೈ ನಡುಗಿತು ಎಂದು ಬರೆದರೆ ಓದಲು ಚೆಂದ. ಆದರೆ ನಡುಗಲಿಲ್ಲ. ಸುಳ್ಳೇಕೆ ಹೇಳಲಿ, ಸ್ವಲ್ಪ ಖುಷಿಯೇ ಆಯಿತು.

ಕೌದಿ ಒಯ್ಯಲು ಬಂದ ದಿನ ಮಾಸ್ತರರು ಅದನ್ನು ಜಮಖಾನೆಯ ಮೇಲೆ ಹರವಿಸಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ನೆಟ್ಟಗೆ ಹಸಿರಿನ ಮೇಲೆ ಬಿತ್ತು.

"ಇದ ನೋಡ್ರಿ! ನನ್ನ ಲಗ್ನದಾಗ ಅವ್ವ ಉಟ್ಟಿದ್ದ ಸೀರಿ!" ಎಂದವರೇ ಮುಖ ಒತ್ತಿಕೊಂಡರು. "ಅವ್ವನ ವಾಸನಿ ಹಂಗ ಐತಲ್ರೀ!"

ಅದು ಗುಳಿಗೆಯ ವಾಸನೆ. ತಾಯಿಯ ಸೀರೆಯನ್ನು ಯಾವ ಮಗ ನೆಟ್ಟಗೆ ನೋಡಿರುತ್ತಾನೆ ಹೇಳಿ! ಆದರೆ ಅರವತ್ತು ದಾಟಿದ ಗಂಡಸು ಬಿಕ್ಕಿ ಬಿಕ್ಕಿ ಅಳುತ್ತಿರುವಾಗ, ಅದು ನಮ್ಮ ಅತ್ತೆಯದು ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಅವರು ಕಣ್ಣೊರೆಸಿಕೊಂಡು ಐದು ಸಾವಿರ ತೆಗೆದು ಇಟ್ಟರು.

"ಇಷ್ಟ್ಯಾಕ್ರಿ? ಬ್ಯಾಡ್ರಿ."

"ತಗೋರಿ ಅಕ್ಕಾರ. ಇಂಥಾ ಹೊಲಿಗಿ ನಾ ಎಲ್ಲೂ ನೋಡಿಲ್ಲ."

ಅತ್ತೆಯ ಸೀರೆಯ ಮೇಲೆ ಕೈಯಿಟ್ಟುಕೊಂಡೇ ಒಬ್ಬರು ನನ್ನ ಹೊಲಿಗೆಯನ್ನು ಹೊಗಳಿದರು. ಆ ಗಳಿಗೆಗೆ ಅತ್ತೆ ಇರಬೇಕಿತ್ತು.

"ನಿಮ್ಮವ್ವ ಒಳಗ ಅದಾರ್ರೀ" ಎಂದೆ. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅವರು ಅದನ್ನು ಬೇರೆಯೇ ತಿಳಿದು ಇನ್ನಷ್ಟು ಅತ್ತರು. ಬೇಡವೆಂದು ಎರಡು ಸಲ ಅಂದೆ, ಮೂರನೆಯ ಸಲ ಅನ್ನಲಿಲ್ಲ. ದುಡ್ಡು ತೆಗೆದುಕೊಂಡೆ.

ಅವರು ಹೋದ ಸ್ವಲ್ಪ ಹೊತ್ತಿಗೆ ನಮ್ಮ ಯಜಮಾನರು ಊಟಕ್ಕೆ ಬಂದರು. ಮೊದಲು ಮಗ್ಗದಲ್ಲಿ ಕೂತವರು, ಈಗ ಬಟ್ಟೆ ಅಂಗಡಿಯಲ್ಲಿ ಕೂಡುತ್ತಾರೆ. ರೊಟ್ಟಿ ಬಡಿಯುತ್ತಲೇ ಎಲ್ಲ ಹೇಳಿಕೊಂಡೆ: ಮಾಸ್ತರರು ಅತ್ತದ್ದು, ಹೊಗಳಿದ್ದು, ಕೇಳದೆಯೇ ಐದು ಸಾವಿರ ಕೊಟ್ಟದ್ದು. ಸೀರೆಯದೊಂದು ಬಿಟ್ಟು. ಅವರು ತುತ್ತು ನಿಲ್ಲಿಸಿ ಕೇಳುತ್ತಿದ್ದರು.

"ನಮ್ಮವ್ವಂದು ಹಸರು ಸೀರಿ ಒಂದು ಇರಬೇಕಲ್ಲ? ಅದರಾಗ ನನಗೂ ಒಂದು ಹೊಲಿ" ಎಂದರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಅವರು ಏನನ್ನೂ ಹೀಗೆ ಕೇಳಿರಲಿಲ್ಲ. "ಆತ್ರಿ" ಎಂದೆ. ನನ್ನದೇ ಹಳೆಯ ಸೀರೆಯೊಂದಿತ್ತು, ಹೆಚ್ಚುಕಡಿಮೆ ಅದೇ ಹಸಿರು. ಮಾಸ್ತರರಿಗೆ ತಿಳಿಯದ್ದು ಇವರಿಗೇನು ತಿಳಿಯುತ್ತದೆ ಎಂದುಕೊಂಡು ಮರುದಿನ ಅದನ್ನೇ ಹರವಿ ಕತ್ತರಿ ಹಿಡಿದು ಕೂತೆ. ನೇಕಾರನ ಬೆರಳು ಎಂಬುದೊಂದು ಮರೆತಿದ್ದೆ. ಅವರು ಬಂದು ಅಂಚಿನುದ್ದಕ್ಕೂ ಒಮ್ಮೆ ಬೆರಳಾಡಿಸಿದರು.

"ಇದು ಅವ್ವಂದಲ್ಲ, ನಿಂದು. ನಮ್ಮ ಲಗ್ನ ಆದ ವರ್ಷ ನಾನ ನೇಯ್ದದ್ದು. ಅವ್ವಂದೆಲ್ಲೈತಿ?"

"ಲಕ್ಷ್ಮೇಶ್ವರದಾಗ."

ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. "ದುಡ್ಡು ಹೊಳ್ಳಿ ಕೊಟ್ಟು ಸೀರಿ ಬಿಚ್ಚಿಕೊಂಡ ಬರ್ತೀನ್ರಿ" ಎಂದೆ.

"ಬ್ಯಾಡ. ಅಲ್ಲೆ ಒಬ್ಬ ಮಗ ಆಕಿನ್ನ ಹೊದ್ದು ಮಲಗ್ತಾನ. ನಾ ಹತ್ತು ವರ್ಷ ಆ ಟ್ರಂಕ್ ತಗದಾರ ನೋಡೀನೇನು?"

ಅತ್ತೆ ಸತ್ತಾಗ ಬಾರದ ಅಳು ಆಗ ಬಂತು. ಅವರು ನನ್ನ ಸೀರೆಯನ್ನು ನನ್ನ ಮಡಿಲಿಗೇ ಸರಿಸಿದರು.

"ಇದನ್ನ ಹೊಲಿ" ಎಂದರು. "ಹೊಲಿಗಿ ಒತ್ತಾಗಿ ಹಾಕು. ಇಲ್ಲಂದ್ರ ಅವ್ವ ಬೈತಾಳ."