ಅಪ್ಪನ ಬಲಗಾಲು

ನಾನು ಚಿಕ್ಕವಳಿದ್ದಾಗ ಹದಿನೈದು ದಿನ ಬಿಡದೆ ಪ್ರತಿ ಸಂಜೆ ಸತ್ತಿದ್ದೇನೆ. ಹೆದರಬೇಡಿ ಮಕ್ಕಳೇ, ಎಲ್ಲ ಅಪ್ಪನ ಸಲುವಾಗಿ ಆಡಿದ ಆಟ.

ನಮ್ಮಪ್ಪ ಮುಂಬಯಿಯಲ್ಲಿ ಟ್ರಾಮ್ ಓಡಿಸುತ್ತಿದ್ದ. ಟ್ರಾಮಿಗೆ ಸ್ಟಿಯರಿಂಗ್ ಇಲ್ಲ, ಹಳಿ ಹೋದತ್ತ ಅದು ಹೋಗುತ್ತದೆ. ಬ್ರೇಕು ಕೈಯಲ್ಲಿ, ಗಂಟೆ ಕಾಲಲ್ಲಿ. ಯಾರಾದರೂ ಅಡ್ಡ ಬಂದರೆ ಅಪ್ಪ ಬಲಗಾಲಿನಿಂದ ನೆಲದ ಪೆಡಲನ್ನು ಒದೆಯುತ್ತಿದ್ದ, ಅದು ‘ಟಣ್ ಟಣ್’ ಎನ್ನುತ್ತಿತ್ತು. ಹಿತ್ತಾಳೆ ಹಿಡಿಕೆಯ ವಾಸನೆ ಊಟಕ್ಕೆ ಕೂತಾಗಲೂ ಅವನ ಅಂಗೈಯಲ್ಲಿ ಇರುತ್ತಿತ್ತು. ನನಗೆ ಆ ವಾಸನೆ ಬಹಳ ಇಷ್ಟ.

ಆಮೇಲೆ ಊರಲ್ಲಿ ಮೋಟಾರು, ಬಸ್ಸುಗಳು ಹೆಚ್ಚಾದವು. ಟ್ರಾಮ್ ನಿಧಾನ, ಓಡಾಟಕ್ಕೆ ಅಡ್ಡಿ ಎಂದು ಒಂದೊಂದೇ ದಾರಿಯಲ್ಲಿ ನಿಲ್ಲಿಸಿ, ಹಳಿಗಳ ಮೇಲೆ ಬಿಸಿ ಡಾಂಬರು ಸುರಿದರು. ಅಪ್ಪನ ದಾರಿಯ ಸರದಿಯೂ ಬಂತು. ಬಸ್ಸಿನ ಪರೀಕ್ಷೆ ಪಾಸಾದರೆ ಡ್ರೈವರ್ ಕೆಲಸ, ಇಲ್ಲದಿದ್ದರೆ ಡಿಪೊದಲ್ಲಿ ಬಸ್ ತೊಳೆಯುವ ಕೆಲಸ. ಅಪ್ಪ ಸ್ಟಿಯರಿಂಗನ್ನು ಬೇಗ ಕಲಿತ. ಆದರೆ ಆ ಬಲಗಾಲು! ಎದುರಿಗೆ ಯಾರೇ ಬರಲಿ, ಗಂಟೆಯೆಂದುಕೊಂಡು ಆಕ್ಸಿಲರೇಟರನ್ನೇ ಒದೆಯುತ್ತಿತ್ತು. ಬಸ್ಸು ನಿಲ್ಲುವ ಬದಲು ಮುಂದಕ್ಕೆ ಹಾರುತ್ತಿತ್ತು.

“ಕೈ ಕಲಿತೈತಿ, ಕಾಲು ಮಾತ್ರ ಹೇಳಿದ ಮಾತು ಕೇಳವಲ್ದು,” ಎಂದು ಅಪ್ಪ ತಲೆಯ ಮೇಲೆ ಕೈಹೊತ್ತು ಕೂತ.

ಉಪಾಯ ಹೊಳೆದದ್ದು ಅಕ್ಕನಿಗೆ. ಸಾಲುಮನೆಗಳ ನಮ್ಮ ಚಾಳಿನ ಉದ್ದನೆಯ ವರಾಂಡದಲ್ಲಿ ಸ್ಟೂಲು ಹಾಕಿ, ಅದರ ಮುಂದೆ ಎರಡು ಇಟ್ಟಿಗೆ ಇಟ್ಟಳು. ಬಲಗಡೆಯದು ಆಕ್ಸಿಲರೇಟರ್, ಅದರ ಪಕ್ಕದ್ದು ಬ್ರೇಕು. ಅಪ್ಪ ಊಟದ ತಟ್ಟೆ ಹಿಡಿದು ತಿರುಗಿಸಬೇಕು, ನಾನು ಅಡ್ಡ ಓಡಬೇಕು. ಅವನು ತಪ್ಪು ಇಟ್ಟಿಗೆ ತುಳಿದರೆ ಅಕ್ಕ, “ಅಪ್ಪಾ, ಹೋತು! ಹುಡುಗಿ ಸತ್ಲು!” ಎನ್ನುತ್ತಿದ್ದಳು. ನಾನು ನಾಲಗೆ ಚಾಚಿ ದೊಪ್ಪನೆ ಬೀಳುತ್ತಿದ್ದೆ. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಅಕ್ಕ, ನಾನು ಡಿಪೊದ ಹೊರಗೆ ರಸ್ತೆ ಬದಿಯಲ್ಲಿ ಕಾದು ನಿಂತೆವು. ಬಸ್ಸು ಬಂತು. ಖಾಕಿ ತೊಟ್ಟ ಅಪ್ಪ, ಪಕ್ಕದಲ್ಲಿ ಪರೀಕ್ಷೆಯ ಸಾಹೇಬರು. ಅಪ್ಪನನ್ನು ಅಷ್ಟು ಎತ್ತರದಲ್ಲಿ ಕಂಡದ್ದೇ ತಡ, ನನಗೇನಾಯಿತೋ, ಹದಿನೈದು ದಿನದ ಅಭ್ಯಾಸವಲ್ಲವೇ, ಅಡ್ಡ ಓಡಿಯೇಬಿಟ್ಟೆ! ಅಕ್ಕ ಕಿರುಚಿದಳು. ನಾನು ನಡುರಸ್ತೆಯಲ್ಲಿ ಕಲ್ಲಾಗಿ ನಿಂತೆ.

ಕಿರ್ರೆಂದು ಸದ್ದಾಗಿ ರಬ್ಬರು ಸುಟ್ಟ ವಾಸನೆ ಬಂತು. ಬಸ್ಸು ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿತ್ತು. ಬ್ರೇಕಿನ ಮೇಲೆ ಕಾಲೂರಿ, ಕಿಟಕಿಯಿಂದ ತಲೆ ಹೊರಹಾಕಿ ಅಪ್ಪ ಕೂಗುತ್ತಿದ್ದ: “ಟಣ್ ಟಣ್! ಟಣ್ ಟಣ್!” ಕಾಲು ಬಿಟ್ಟ ಗಂಟೆ ಬಾಯಿಗೆ ಬಂದಿತ್ತು.

ಅಪ್ಪ ಇಳಿದು ಬಂದು ಮೊದಲು ಒಂದೇಟು ಕೊಟ್ಟ, ಆಮೇಲೆ ತಬ್ಬಿಕೊಂಡ. ಸಾಹೇಬರು ಬೆವರು ಒರೆಸಿಕೊಂಡು, ಇದಕ್ಕಿಂತ ಕಠಿಣ ಪರೀಕ್ಷೆ ತಮ್ಮ ಹತ್ತಿರ ಇಲ್ಲವೆಂದು ಹೇಳಿ ಪಾಸು ಮಾಡಿದರು. ನಿವೃತ್ತಿಯಾಗುವವರೆಗೂ ಅಪ್ಪ ಬ್ರೇಕು ಹಾಕಿದಾಗೆಲ್ಲ ‘ಟಣ್ ಟಣ್’ ಎನ್ನುತ್ತಿದ್ದ. ಆ ಚಟ ನನಗೂ ಅಂಟಿತು.

ಈಗ ನಾನು ಪರದೇಶದಲ್ಲಿ, ಲೈಡನ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿಯೂ ಹಿಂದೆ ಟ್ರಾಮ್ ಇತ್ತಂತೆ, ಈಗಿಲ್ಲ. ಹತ್ತಿರದ ಹೇಗ್ ನಗರದಲ್ಲಿ ಇನ್ನೂ ಓಡುತ್ತದೆ. ರಜೆಯಲ್ಲಿ ಅದನ್ನು ಹತ್ತಿ ಸಮುದ್ರಕ್ಕೆ ಹೋಗುತ್ತೇವೆ. ಇಳಿಯುವಾಗ ನಾನು ಟಿಕೆಟ್ ಕಾರ್ಡನ್ನು ಯಂತ್ರಕ್ಕೆ ತಾಗಿಸಲು ಮರೆತರೆ ಮೊಮ್ಮಗಳು, “ಅಜ್ಜಿ, ನೀವು ಔಟ್‌ಚೆಕೆನ್ ಮಾಡ್ಲಿಲ್ಲ!” ಎಂದು ಗದರಿಸುತ್ತಾಳೆ.

ಅವಳ ಸೈಕಲ್ಲಿಗೆ ಕೈಬ್ರೇಕಿಲ್ಲ. ಇಲ್ಲಿಯ ಮಕ್ಕಳು ಪೆಡಲನ್ನು ಹಿಂದಕ್ಕೆ ತುಳಿದು ನಿಲ್ಲಿಸುತ್ತಾರೆ. ಹ್ಯಾಂಡಲ್ ಮೇಲೆ ಫಳಫಳ ಹೊಳೆಯುವ ಗಂಟೆಯಿದೆ. ನಿನ್ನೆ ಕಾಲುವೆಯ ದಂಡೆಯಲ್ಲಿ ಒಂದು ಬಾತುಕೋಳಿ ಅಡ್ಡ ಬಂತು. ಅವಳು ಗಕ್ಕನೆ ಕಾಲಲ್ಲಿ ಬ್ರೇಕು ಹಾಕಿದಳು. ಗಂಟೆಯನ್ನು ಮುಟ್ಟಲೇ ಇಲ್ಲ, ಬಾಯಲ್ಲಿ “ಟಣ್ ಟಣ್!” ಎಂದಳು.

ನಮ್ಮಪ್ಪನನ್ನು ಅವಳು ಕಂಡವಳೇ ಅಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಬಾತುಕೋಳಿಗೆ ಕೈಮುಗಿದೆ.