ಸಾವಿತ್ರಿಯ ಹೆಸರಿನಲ್ಲಿ ಓಡಿದ ಜಾಬ್

ಆ ಸಭೆಯಲ್ಲಿ ನಾನು "ಸಾಧ್ಯವೇ ಇಲ್ಲ" ಎಂದೆನೋ, "ಸಾಧ್ಯತೆ ಕಡಿಮೆ" ಎಂದೆನೋ, ಈಗ ಖಚಿತವಿಲ್ಲ. ಎರಡನೆಯದನ್ನೇ ಹೇಳಿದ್ದೆ ಎನ್ನುತ್ತದೆ ನೆನಪು. ಅದು ನನಗೆ ಅನುಕೂಲದ ನೆನಪು, ಹಾಗಾಗಿ ನಂಬುವುದಿಲ್ಲ.

ಕೋವಿಡ್ ಮುಗಿದ ಮರುವರ್ಷ. ವಿಮಾ ಕಂಪನಿಯೊಂದರ ಕೆಲಸ ನೋಡಿಕೊಳ್ಳುವ ಬೀದರಿನ ಸಣ್ಣ ಕಚೇರಿಯಲ್ಲಿ ನಾನು ತಾಂತ್ರಿಕ ಮುಖ್ಯಸ್ಥ. ದೂರದ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗೆ ಮೈಲೂರು ಬಡಾವಣೆಯ ಆ ಕಚೇರಿಯಿಂದ ಕೆಲಸಗಳನ್ನು ಕಳಿಸುತ್ತಿದ್ದೆವು. ಇಂಥ ಒಂದೊಂದು ಕೆಲಸಕ್ಕೂ ಜಾಬ್ ಎನ್ನುತ್ತಾರೆ. ಅದರ ಆರಂಭದಲ್ಲೇ ಬಳಕೆದಾರರ ಹೆಸರಿರುತ್ತದೆ. ಅನುಮತಿ ಇಲ್ಲದವರು ಕಳಿಸದಂತೆ ತಡೆಯುವ ಪ್ರೋಗ್ರಾಂ ಅನ್ನು ರೆಕ್ಸ್ ಭಾಷೆಯಲ್ಲಿ ನಾನೇ ಬರೆದಿದ್ದೆ.

ನಮ್ಮಲ್ಲಿ ಯಾರೂ ಜಾಬನ್ನು ಮೊದಲಿನಿಂದ ಬರೆಯುತ್ತಿರಲಿಲ್ಲ. ಭಾಲ್ಕಿಯಿಂದ ದಿನಾ ಬರುತ್ತಿದ್ದ ಗುತ್ತಿಗೆ ನೌಕರೆ ಸಾವಿತ್ರಿ ಬರೆದದ್ದು ತಪ್ಪಿಲ್ಲದೆ ಓಡುತ್ತಿತ್ತು. ಎಲ್ಲರೂ ಅದನ್ನೇ ನಕಲು ಮಾಡಿ ಬೇಕಾದಷ್ಟು ತಿದ್ದಿ ಕಳಿಸುತ್ತಿದ್ದರು. ಔರಾದಿನ ಸಹೋದ್ಯೋಗಿ ಶರಣಪ್ಪ ಹೊಸಬರಿಗೆ ಹೇಳಿಕೊಡುತ್ತಿದ್ದುದೂ ಅದನ್ನೇ: "ಅಕ್ಕಾರ ಜಾಬ್ ಎತ್ಕೋರಿ, ಆರಾಮ ಓಡ್ತದ. ನೀವೇ ಬರಿಲಿಕ್ಕ ಕುಂತ್ರ ಬಸ್ ತಪ್ಪತದ್ರಿ."

"ಹಿಂಗಾದ್ರ ನನ್ ಜಾಬಿಗಿ ಬಾಡಗಿ ಹಚ್ತೇನಿ ನೋಡ್ರಿ," ಎಂದು ಸಾವಿತ್ರಿ ನಗುತ್ತಿದ್ದರು.

ಒಂದು ಸಂಜೆ, ಪರೀಕ್ಷೆಗೆಂದು ಬರೆದ ಜಾಬೊಂದು ನಿಜವಾದ ಗ್ರಾಹಕರ ಕಡತದ ಮೇಲೆ ಓಡಿ ವಿಳಾಸಗಳನ್ನು ಅಳಿಸಿಹಾಕಿತು. ಬ್ಯಾಕಪ್‌ನಿಂದ ಎಲ್ಲವೂ ಮರಳಿ ಬಂತು. ಆದರೆ ಕಳಿಸಿದವರ ಜಾಗದಲ್ಲಿ ಸಾವಿತ್ರಿಯ ಹೆಸರಿತ್ತು. ಅವರ ಗುತ್ತಿಗೆ ಆ ವಾರವೇ ನವೀಕರಣವಾಗಬೇಕಿತ್ತು.

ವಿಚಾರಣೆಯ ಸಭೆಯಲ್ಲಿ ಅವರು ನನ್ನನ್ನೇ ನೋಡಿ ಹೇಳಿದರು: "ಸರ್, ಆವಾಗ ನಾ ಭಾಲ್ಕಿ ಬಸ್ಸಿನ್ಯಾಗ ನಿಂತಿದ್ದೆರಿ. ಜಾಬ್ ಹ್ಯಾಂಗ ಕಳಸ್ಲಿ?"

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಇವರ ಹೆಸರಿನ್ಯಾಗ ಬ್ಯಾರೇದವ್ರು ಕಳಸಲಿಕ್ಕ ಬರ್ತದೇನ್ರಿ?"

ಆಗ ನಾನು ಆಡಿದ್ದೇ ಆ ಮಾತು. ಎರಡರಲ್ಲಿ ಯಾವುದೇ ಆಗಿರಲಿ, ಪ್ರೋಗ್ರಾಂ ತೆರೆದು ನೋಡದೆ ಆಡಿದ್ದೆ.

"ಬರದವ್ರು ನೀವು. ನೀವ್ ಹೇಳಿದ್ಮ್ಯಾಲ ಮುಗೀತು ಬಿಡ್ರಿ," ಎಂದರು ಸಾವಿತ್ರಿ. ಅವರ ಗುತ್ತಿಗೆ ಮುಂದುವರಿಯಲಿಲ್ಲ.

ಕೆಲವು ತಿಂಗಳ ಮೇಲೆ ಪ್ರೋಗ್ರಾಂ ಅನ್ನು ಪರೀಕ್ಷಿಸಿ, ಕಂಡದ್ದನ್ನು ಮ್ಯಾನೇಜರಿಗೂ ಸಾವಿತ್ರಿಗೂ ತಿಳಿಸಿದೆ. ಆ ಜಾಗಕ್ಕೆ ಆಗಲೇ ಬೇರೊಬ್ಬರು ಬಂದಿದ್ದರು. ಸಾವಿತ್ರಿ "ಆಯ್ತ್ರಿ ಸರ್" ಎಂದು ಫೋನ್ ಇಟ್ಟರು. ಎಲ್ಲವನ್ನೂ ಅನುಮಾನಿಸುವುದನ್ನು ವಿಶ್ವವಿದ್ಯಾಲಯ ಕಲಿಸಿತ್ತು. ಆ ಅನುಮಾನ ನಾನು ಬರೆದದ್ದರಿಂದಲೇ ಶುರುವಾಗಬೇಕು ಎಂಬುದನ್ನು ಕೆಲಸ ಕಲಿಸಿತು, ಇನ್ನೊಬ್ಬರ ಖರ್ಚಿನಲ್ಲಿ.

ಆ ಸಂಜೆ ಜಾಬ್ ಕಳಿಸಿದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಪರೀಕ್ಷಿಸಿದ ದಿನ, ಯಾವ ಅನುಮತಿಯೂ ಇಲ್ಲದ ಲಾಗಿನ್‌ನಿಂದ, ಹೆಸರು ತಿದ್ದದೆ, ಸಾವಿತ್ರಿಯ ಜಾಬಿನ ನಕಲನ್ನು ಕಳಿಸಿ ನೋಡಿದೆ. ನನ್ನ ಪ್ರೋಗ್ರಾಂ ಜಾಬಿನೊಳಗಿನ ಹೆಸರಿಗೆ ಅನುಮತಿ ಇದೆಯೇ ಎಂದಷ್ಟೇ ನೋಡಿತು. ಕಳಿಸುತ್ತಿರುವವರು ಯಾರೆಂದು ನೋಡಲೇ ಇಲ್ಲ. ಜಾಬ್ ಓಡಿತು.