ಹುಳದ ಕೋಣೆಯ ಚಿಲಕ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯೊಳಗೆ ಮಳೆ ಬರುತ್ತಿತ್ತು. ಹೊರಗೆ ಸುಡುವ ಬಿಸಿಲಿದ್ದರೂ ಸರಿ, ಕೊರೆಯುವ ಚಳಿಯಿದ್ದರೂ ಸರಿ, ಹುಳದ ಕೋಣೆಯಿಂದ ಸರಸರ ಮಳೆ ಸುರಿಯುವ ಸದ್ದು. ಸಾವಿರಾರು ರೇಷ್ಮೆಹುಳುಗಳು ಬಿದಿರಿನ ತಟ್ಟೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಅದು. ಆ ಸದ್ದು ನಿಂತರೆ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟಿದೆ ಅಂತ ಅರ್ಥ. ಇಲ್ಲದಿದ್ದರೆ ಏನೋ ಕೆಟ್ಟದ್ದಾಗಿದೆ ಅಂತ. ಒಂದು ಭಾನುವಾರ ಎರಡರಲ್ಲಿ ಯಾವುದೆಂದು ತಿಳಿಯದೆ ನಾನು ಆ ಬಾಗಿಲ ಮುಂದೆ ನಿಂತಿದ್ದೆ. ಈಗಲೂ ಕೆಲವು ಸಲ, ಹಗಲಲ್ಲೇ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ, ಅಲ್ಲಿ ನಿಂತಿರುತ್ತೇನೆ.

ನಮ್ಮದು ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವ ದಾರಿಯ ಒಂದು ಸಣ್ಣ ಹಳ್ಳಿ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿನಲ್ಲಿ ಕ್ರೈಸ್ತರ ಮನೆಗಳು ಕೆಲವೇ ಇದ್ದವು. ಊರಾಚೆ ಹೆಂಚು ಹೊದಿಸಿದ ಪ್ರಾರ್ಥನಾ ಮಂದಿರವಿತ್ತು. ಅಪ್ಪ ಸಭೆಯ ಹಿರಿಯ. ಚಿಕ್ಕಬಳ್ಳಾಪುರದಿಂದ ಪಾದ್ರಿ ಅಯ್ಯನವರು ಯಾವಾಗಲೋ ಒಮ್ಮೆ ಬಂದಾಗ ಮಾತ್ರ ನಮಗೆ ಪ್ರಭುಭೋಜನ. ಯೇಸುಸ್ವಾಮಿಯ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಆ ದಿನ ಎಷ್ಟೇ ಚಳಿಯಿದ್ದರೂ ಮಂದಿರದ ಬಾಗಿಲು ಮುಚ್ಚುತ್ತಿರಲಿಲ್ಲ. ಯಾರಿಗಾದರೂ ಯಾರ ಮೇಲಾದರೂ ಮುನಿಸಿದ್ದರೆ ಎದ್ದು ಹೋಗಿ, ಅವರನ್ನು ಮಾತಾಡಿಸಿ ಬರಬೇಕು. ಅವರು ಬರುವ ತನಕ ರೊಟ್ಟಿ ಕಾಯುತ್ತದೆ. ಅದು ನಮ್ಮ ಸಭೆಯ ಪದ್ಧತಿ.

ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ನಮ್ಮ ಜೊತೆಯಲ್ಲೇ ಇದ್ದ. ಹುಳು ಸಾಕುವುದರಲ್ಲಿ ಅವನ ಕೈ ಬಹಳ ಮೃದು. ರಾತ್ರಿ ಸೊಪ್ಪು ಹಾಕಬೇಕಲ್ಲ ಎಂದು ಹುಳದ ಕೋಣೆಯಲ್ಲೇ ಮಲಗುತ್ತಿದ್ದ. ಆದರೆ ಅವನಿಗೆ ಕುಡಿಯುವ ಚಟ. ಬಿಟ್ಟೆ ಎಂದು ಸಭೆಯ ಮುಂದೆ ಮಾತು ಕೊಡುತ್ತಿದ್ದ, ಅಳುತ್ತಿದ್ದ, ಕೆಲವು ತಿಂಗಳು ಚೆನ್ನಾಗಿರುತ್ತಿದ್ದ, ಮತ್ತೆ ಬೀಳುತ್ತಿದ್ದ.

ಪ್ರಭುಭೋಜನದ ಹಿಂದಿನ ಸಂಜೆ ಅವನು ತೂರಾಡುತ್ತಾ ಬಂದ. ಅಜ್ಜಿ ಮುಖ ಮುಚ್ಚಿಕೊಂಡಳು. ಅಮ್ಮ ಹೆರಿಗೆಗೆಂದು ಚಿಂತಾಮಣಿಯ ತವರಿನಲ್ಲಿದ್ದಳು. ಇದ್ದಿದ್ದರೆ ಅಪ್ಪನನ್ನು ತಡೆಯುತ್ತಿದ್ದಳೇನೋ.

"ನಾಳೆ ನೀನು ಮಂದಿರದ ಮೆಟ್ಲು ಹತ್ತಬೇಡ," ಅಂದ ಅಪ್ಪ.

"ಬರ್ತೀನಣ್ಣ. ಎಲ್ಲಾರ ಮುಂದೆ ತಪ್ಪು ಒಪ್ಕೊಂತೀನಿ."

"ಎಷ್ಟು ಸಲ ಒಪ್ಕೊಂತೀಯೋ? ದೇವರಿಗಾದ್ರೂ ಬೇಜಾರಾಗಲ್ವಾ?"

ಚಿಕ್ಕಪ್ಪ ಹುಳದ ಕೋಣೆಗೆ ಹೋಗಿ ಮಲಗಿದ.

ಬೆಳಿಗ್ಗೆ ಎದ್ದರೆ ಎದುರು ಮನೆಯೂ ಕಾಣದಷ್ಟು ಮಂಜು. ಚಳಿಗೆ ಹುಳುಗಳು ಗೂಡು ಕಟ್ಟುವುದಿಲ್ಲ. ಅದಕ್ಕೆ ಕೋಣೆಯ ಕಿಟಕಿಗೆಲ್ಲ ಹಳೇ ಪೇಪರು ಅಂಟಿಸಿ, ಒಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಡುತ್ತಿದ್ದೆವು. ಕೆಂಡ ಇಟ್ಟಾಗ ಬಾಗಿಲು ಸ್ವಲ್ಪ ತೆರೆದೇ ಇರಬೇಕು, ಅದಕ್ಕೆ ಒದ್ದೆ ಗೋಣಿ ಇಳಿಬಿಟ್ಟಿರಬೇಕು. ಅಕ್ಕ ಹಾಗೇ ಮಾಡಿದಳು. ಹೊಸ ಇದ್ದಿಲು ತುಂಬಿ, ಬಾಗಿಲು ಓರೆ ಮಾಡಿ, ಅಜ್ಜಿಯ ಕೈಹಿಡಿದು ನಮಗಿಂತ ಮುಂಚೆ ಮಂದಿರಕ್ಕೆ ಹೊರಟಳು. ಚಿಕ್ಕಪ್ಪ ಇನ್ನೂ ಮಲಗಿದ್ದ.

ನಾನು ಅಪ್ಪನಿಗಾಗಿ ಅಂಗಳದಲ್ಲಿ ಕಾದಿದ್ದೆ. ಅಪ್ಪ ಬಿಳಿ ಪಂಚೆಯುಟ್ಟು, ಬೈಬಲನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಹುಳದ ಕೋಣೆಯ ಮುಂದೆ ನಿಂತ. ಒಳಗೆ ಇಣುಕಲಿಲ್ಲ. ಗೋಣಿಯನ್ನು ಪಕ್ಕಕ್ಕೆ ಸರಿಸಿ, ಬಾಗಿಲನ್ನು ಬಿಗಿಯಾಗಿ ಎಳೆದು, ಹೊರಗಿನಿಂದ ಕಬ್ಬಿಣದ ಚಿಲಕ ಹಾಕಿದ. ಆ ಸದ್ದು ದೊಡ್ಡದೇನಲ್ಲ. "ನಡಿಯಮ್ಮ," ಅಂದ. ಒಳಗೆ ಮಳೆಯ ಸದ್ದು ಆಗಲೇ ಕಡಿಮೆಯಾಗಿತ್ತು. ಹುಳು ಹಣ್ಣಾಗುತ್ತಿದೆ ಎಂದುಕೊಂಡೆ.

ಮಂದಿರದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಚಾಪೆಯ ಮೇಲೆ ಕೂರುತ್ತಿದ್ದರು. ಮಂಜಿನಿಂದ ಬಸ್ಸು ತಡವಾಗಿ, ಅಯ್ಯನವರು ಶಿಡ್ಲಘಟ್ಟದಿಂದ ಬಾಡಿಗೆ ಸೈಕಲ್ ತುಳಿದುಕೊಂಡು ಬರುವಷ್ಟರಲ್ಲಿ ಹಾಡೆಲ್ಲ ಹಾಡಿ ಮುಗಿದಿತ್ತು. ತೆರೆದ ಬಾಗಿಲಿನಿಂದ ಮಂಜು ಒಳಗೆ ತೆವಳಿ ಬರುತ್ತಿತ್ತು. ಮೇಣದಬತ್ತಿಯ ಸುತ್ತ ಹಳದಿ ಬಳೆ ಕಟ್ಟಿತ್ತು. "ಮುನಿಸಿದ್ದವರು ಹೋಗಿ ಬನ್ನಿ, ಕಾಯ್ತೀವಿ," ಅಂದರು ಅಯ್ಯನವರು. ಯಾರೂ ಏಳಲಿಲ್ಲ. ಅಪ್ಪ ತಲೆ ತಗ್ಗಿಸಿ ಕೂತಿದ್ದ.

ಆಗ ಬಾಗಿಲ ಕಡೆ ನೋಡಿದೆ. ಹೊಸ್ತಿಲಾಚೆ ಕಂಬಳಿ ಹೊದ್ದು ಚಿಕ್ಕಪ್ಪ ನಿಂತಿದ್ದ. ಒಳಗೆ ಬರಲೋ ಬೇಡವೋ ಎಂಬ ಹಾಗೆ. ಕಣ್ಣುಜ್ಜಿ ನೋಡಿದರೆ ಬರೀ ಮಂಜು. ಅದೇನೆಂದು ಈ ವಯಸ್ಸಿನಲ್ಲೂ ನಾನು ತೀರ್ಮಾನ ಮಾಡಿಲ್ಲ. ಅಕ್ಕನ ಕಡೆ ಸರಿದೆ. ರೊಟ್ಟಿ ತೆಗೆದುಕೊಳ್ಳಲು ಅವಳು ಅಂಗೈ ಬಿಡಿಸಿದ್ದಳು. ಅಂಗೈಯ ಗೆರೆಗಳಲ್ಲೆಲ್ಲ ಇದ್ದಿಲ ಕಪ್ಪು.

"ಕೆಂಡ ಹಾಕಿದ್ಯಾ?" ಎಂದು ಪಿಸುಗುಟ್ಟಿದೆ.

"ತುಂಬಾ ಹಾಕಿದೀನಿ ಕಣೇ. ಸುಮ್ನಿರು."

"ಅಪ್ಪ ಬಾಗಿಲಿಗೆ ಚಿಲಕ ಹಾಕಿದ."

ಅಕ್ಕನ ಕೈ ಹಾಗೇ ನಿಂತಿತು. ಮುಚ್ಚಿದ ಕೋಣೆಯ ಇದ್ದಿಲ ಕೆಂಡ ಏನು ಮಾಡುತ್ತದೆ ಎಂಬುದು ಹುಳು ಸಾಕುವ ಮನೆಯ ಮಕ್ಕಳಿಗೆಲ್ಲ ಗೊತ್ತಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಆ ವಿಷದ ಗಾಳಿಯ ಹೆಸರನ್ನು ನಾನು ಮುಂದೆ ಕಾಲೇಜಿನ ರಸಾಯನಶಾಸ್ತ್ರದ ತರಗತಿಯಲ್ಲಿ ಕಲಿತೆ. ಅವತ್ತು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರೆ ನನಗೆ ಕೇಳಿಸಿದ್ದು ಚಿಲಕದ ಸದ್ದು.

ಹೆಣ್ಣುಮಕ್ಕಳು ಗಂಡಸರ ಕಡೆ ಹೋಗುವಂತಿರಲಿಲ್ಲ. ನಾನು ಎಲ್ಲರ ಮುಂದೆಯೇ ದಾಟಿ ಹೋದೆ. ಅಪ್ಪ ಮೊಣಕಾಲೂರಿದ್ದ. ಅಯ್ಯನವರು ಆಗಷ್ಟೇ ಅವನ ಅಂಗೈಯಲ್ಲಿ ರೊಟ್ಟಿಯಿಟ್ಟಿದ್ದರು. ಅಕ್ಕ ಕೆಂಡ ತುಂಬಿಟ್ಟಿದ್ದನ್ನು ಅವನ ಕಿವಿಯಲ್ಲಿ ಹೇಳಿದೆ. ಅಪ್ಪ ನನ್ನ ಮುಖ ನೋಡಿದ. ರೊಟ್ಟಿ ತಿನ್ನಲಿಲ್ಲ, ಕೆಳಗೂ ಇಡಲಿಲ್ಲ. ಮುಷ್ಟಿ ಬಿಗಿಹಿಡಿದು ಬಾಗಿಲಿನಿಂದಾಚೆ ಓಡಿದ.

ನಾನೂ ಅಕ್ಕನೂ ಹಿಂದೆ ಓಡಿದೆವು. ಅಪ್ಪ ಕಾಣುತ್ತಿರಲಿಲ್ಲ, ಅವನ ಏದುಸಿರು ಮಾತ್ರ ಮುಂದೆ ಎಲ್ಲೋ ಕೇಳುತ್ತಿತ್ತು. ದಿನಾ ಓಡಾಡುವ ದಾರಿಯೇ, ಆದರೂ ಹಿಪ್ಪುನೇರಳೆ ಕಡ್ಡಿಗಳು ಮಂಜಿನಿಂದ ಬೆರಳು ಚಾಚಿ ನಮ್ಮ ಲಂಗ ಹಿಡಿದೆಳೆಯುತ್ತಿದ್ದವು.

ಮನೆ ಮುಟ್ಟಿದಾಗ ಮಳೆಯ ಸದ್ದು ಇರಲಿಲ್ಲ. ಒಂದು ಹನಿಯಷ್ಟೂ ಇಲ್ಲ. ಅಪ್ಪನ ಕೈಯಿಂದ ಚಿಲಕ ಜಾರಿತು, ಮತ್ತೆ ಜಾರಿತು. ಕೊನೆಗೆ ಅಕ್ಕ ತೆಗೆದಳು. ಬಾಗಿಲು ಪೂರ್ತಿ ತೆರೆಯಲಿಲ್ಲ. ಅದರ ಹಿಂದೆಯೇ ಚಿಕ್ಕಪ್ಪ ಬಿದ್ದಿದ್ದ. ಬಾಗಿಲ ಒಳಮೈಯಲ್ಲಿ, ನೆಲದಿಂದ ಸ್ವಲ್ಪವೇ ಮೇಲೆ, ಬೂದಿಯ ಕೈಗುರುತು.

ಅವನು ಬೀಳುವಾಗ ತಟ್ಟೆಯೊಂದು ಉರುಳಿತ್ತು. ಹಣ್ಣಾದ ಹುಳುಗಳು ಗೂಡು ಕಟ್ಟಲು ಆಸರೆ ಹುಡುಕುತ್ತಾ ಅವನ ಮೈಮೇಲೆ ಹತ್ತಿದ್ದವು. ಕೂದಲಲ್ಲಿ, ಕತ್ತಿನ ಸುತ್ತ, ಬೆರಳುಗಳ ಸಂದಿಯಲ್ಲಿ. ಅವು ಸತ್ತಿರಲಿಲ್ಲ. ಹಳದಿ ತಲೆಗಳನ್ನು ಎತ್ತಿ ನಿಧಾನವಾಗಿ ಆ ಕಡೆ ಈ ಕಡೆ ಆಡಿಸುತ್ತಾ ಚಿಕ್ಕಪ್ಪನ ಸುತ್ತ ಎಳೆ ನೇಯುತ್ತಿದ್ದವು. ಅವನ ಮುಖದ ಮೇಲೆ ತೆಳ್ಳನೆಯ ಬಲೆ ಹರಡಿತ್ತು. ಆ ಮುಖ ಎಷ್ಟು ಶಾಂತವಾಗಿತ್ತೆಂದರೆ, ಅದು ನಮ್ಮ ಚಿಕ್ಕಪ್ಪನಲ್ಲ, ಬೇರೆ ಯಾವುದೋ ಲೋಕದವನು ಅನ್ನಿಸಿತು.

ಅಪ್ಪ ಅವನನ್ನು ಅಂಗಳಕ್ಕೆ ಎಳೆದು ತಂದ. ಅಷ್ಟರಲ್ಲಿ ಅಜ್ಜಿ ಬಂದಳು. ಹೆದರಿದಾಗ ಅವಳ ಬಾಯಲ್ಲಿ ತೆಲುಗೇ ಬರುವುದು. "ಲೇ ನಾಯನಾ, ಲೇ," ಏಳಪ್ಪಾ ಏಳು, ಎಂದು ಮಗನ ಕೆನ್ನೆ ತಟ್ಟುತ್ತಾ ಎಬ್ಬಿಸುತ್ತಿದ್ದಳು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮೂಗಿನ ಹೊಳ್ಳೆಯ ಮೇಲಿಂದ ಮೀಸೆಗೆ ಒಂದೇ ಒಂದು ಎಳೆ ಇಳಿಬಿದ್ದಿತ್ತು. ಅದು ಅಲುಗಿತು. ನಿಂತಿತು. ಮತ್ತೆ ಅಲುಗಿತು.

"ಉಸಿರಿದೆ," ಅಂದೆ.

ತಣ್ಣನೆಯ ಗಾಳಿಯಲ್ಲಿ ಬಹಳ ಹೊತ್ತಾದ ಮೇಲೆ ಚಿಕ್ಕಪ್ಪ ಕೆಮ್ಮಿದ, ವಾಂತಿ ಮಾಡಿದ, ಕಣ್ಣು ಬಿಟ್ಟ. ಬೈಗುಳ ಬರುತ್ತದೆ ಎಂದು ಕಾದೆ.

"ಆರಾಧನೆ ಮುಗೀತಾ?" ಅಂದ.

"ನಾನೇ ಕಣೋ ಚಿಲಕ ಹಾಕಿದ್ದು." ಅಪ್ಪನ ದನಿ ಅಪ್ಪನದಾಗಿರಲಿಲ್ಲ.

"ಗೊತ್ತು. ನಿನ್ನ ಚಪ್ಪಲಿ ಸದ್ದು ನಂಗೊತ್ತಿಲ್ವಾ."

"ಆಗಲೇ ಯಾಕೋ ಕೂಗಲಿಲ್ಲ?"

"ನಂಗೆ ಇದೇ ಸರಿ ಅಂದ್ಕೊಂಡೆ. ಆಮೇಲೆ ಭಯ ಆಯ್ತು. ಏಳಕ್ಕೆ ಹೋದ್ರೆ ಕಾಲೇ ಬರಲಿಲ್ಲ." ಸ್ವಲ್ಪ ಸುಧಾರಿಸಿಕೊಂಡು, "ನೀನು ವಾಪಸ್ ಬಂದೆಯಲ್ಲ, ಬಿಡಣ್ಣ," ಅಂದ.

ಅಪ್ಪ ಮುಷ್ಟಿ ಬಿಚ್ಚಿದ. ರೊಟ್ಟಿ ಬೆವರಿಗೆ ನೆಂದು ಮುದ್ದೆಯಾಗಿತ್ತು. ಅಯ್ಯನವರು ಅಂಗಳದಲ್ಲಿ ನಿಂತಿದ್ದರು, ಅವರ ಹಿಂದೆ ಸಭೆಯೆಲ್ಲ. "ಅಯ್ಯನವರೇ, ಇದನ್ನ ವಾಪಸ್ ತಗೊಳ್ಳಿ. ತಿನ್ನೋ ಯೋಗ್ಯತೆ ನಂಗಿಲ್ಲ. ನಾನು ನನ್ನ ತಮ್ಮನ್ನೇ ಕೊಲ್ತಿದ್ದೆ," ಅಂದ ಅಪ್ಪ.

ಅಯ್ಯನವರು ಕೈಚಾಚಲಿಲ್ಲ. "ಯೋಗ್ಯತೆ ಇರೋರಿಗೇ ಕೊಡೋದಾಗಿದ್ರೆ ನಾನು ಯಾಕಪ್ಪಾ ಈ ಚಳೀಲಿ ಸೈಕಲ್ ತುಳ್ಕೊಂಡು ಬರ್ತಿದ್ದೆ? ಹಾಗಂದ್ರೆ ನಾನೂ ತಿನ್ನೋ ಹಾಗಿಲ್ಲ. ನಿನ್ನ ತಪ್ಪು ಸಣ್ಣದು ಅಂತ ಹೇಳಲ್ಲ. ಅದಕ್ಕೇ ಈ ರೊಟ್ಟಿ. ತಮ್ಮನಿಗೂ ಕೊಟ್ಟು ತಿನ್ನು."

ಅಪ್ಪ ಆ ಮುದ್ದೆಯನ್ನು ಎರಡು ಮಾಡಿದ. ಚಿಕ್ಕಪ್ಪನ ಬೆರಳುಗಳಿಗೆ ಇನ್ನೂ ಎಳೆ ಸುತ್ತಿತ್ತು, ಅವನಿಗೆ ಹಿಡಿಯಲಾಗಲಿಲ್ಲ. ಅಪ್ಪನೇ ಅವನ ಬಾಯಿಗಿಟ್ಟ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಆಗಲೇ.

ಅಂದೇ ಮಧ್ಯಾಹ್ನ ಅಪ್ಪ ಇಕ್ಕಳ ತಂದು ಚಿಲಕವನ್ನು ಕಿತ್ತುಹಾಕಿದ. ಚಿಕ್ಕಪ್ಪ ಆಮೇಲೂ ಬಿದ್ದ, ಸುಳ್ಳು ಹೇಳಬಾರದು. ಪೂರ್ತಿ ಬಿಡಲು ವರ್ಷಗಳೇ ಹಿಡಿದವು. ಅವನು ತೂರಾಡುತ್ತಾ ಬಂದ ಪ್ರತಿ ಸಲವೂ ಅಪ್ಪ ಬೈಯುತ್ತಿದ್ದ, ಮುಖ ತೊಳೆಸುತ್ತಿದ್ದ, ಭಾನುವಾರ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದ. ದೇವರಿಗೆ ಬೇಜಾರಾಗಲ್ವಾ ಎಂದು ಮತ್ತೆ ಕೇಳಲಿಲ್ಲ.

ಈಗ, ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ ಚಳಿಗೆ ಕೆಂಡ ಬೇಕಿಲ್ಲ, ಗುಂಡಿ ಒತ್ತಿದರೆ ಸಾಕು. ಬಾಗಿಲುಗಳಿಗೆ ಚಿಲಕವೂ ಕಾಣುವುದಿಲ್ಲ, ಎಳೆದರೆ ತಾವೇ ಬೀಗ ಬೀಳುತ್ತವೆ. ನೀವು ಅಣ್ಣತಂಗಿ ಜಗಳವಾಡಿ, ಒಬ್ಬರು ಇನ್ನೊಬ್ಬರನ್ನು ಕೋಣೆಯಲ್ಲಿ ಕೂಡಿದಾಗ ಈ ಅಜ್ಜಿ ಬಂದು ಬಾಗಿಲು ಬಡಿಯುತ್ತಾಳೆ. ತಪ್ಪು ಯಾರದೆಂದು ಕೇಳುವುದಿಲ್ಲ ಎಂದು ನಿಮಗೆ ನಗು. ಕೇಳುತ್ತೇನೆ ಮಕ್ಕಳೇ, ಆದರೆ ಆಮೇಲೆ. ಮೊದಲು ಬಾಗಿಲು ತೆಗೆಯಿರಿ. ಒಳಗಿರುವವರ ಮೂಗಿನ ಮುಂದೆ ಆ ಎಳೆ ಅಲುಗುತ್ತಿದೆಯೇ ಎಂದು ನಾನು ನೋಡಬೇಕು.